ವೈಕೌಂಟ್: ಡಕ್ಸ್‌ಫರ್ಡ್‌ನಲ್ಲಿ ನಿಂತಿರುವ ಒಂದು ಹಳೆಯ ವಿಮಾನ

ಮಕ್ಕಳೇ, ಲಂಡನ್ ಕಡೆಯಿಂದ ಎಂ11 ಹೆದ್ದಾರಿ ಹಿಡಿದು ಕೇಂಬ್ರಿಡ್ಜ್‌ಗೆ ಹೋಗುವಾಗ ಹತ್ತನೇ ಜಂಕ್ಷನ್ ಹತ್ತಿರ ಎಡಗಡೆ ನೋಡಿ. ದೊಡ್ಡ ದೊಡ್ಡ ಹ್ಯಾಂಗರ್‌ಗಳಿರುವ ಒಂದು ಬಯಲು ಸಿಗುತ್ತದೆ. ಅದೇ ಡಕ್ಸ್‌ಫರ್ಡ್, ಇಂಪೀರಿಯಲ್ ವಾರ್ ಮ್ಯೂಸಿಯಂನವರ ವಿಮಾನ ಸಂಗ್ರಹಾಲಯ. ನಿಮ್ಮಲ್ಲಿ ತುಂಬಾ ಜನ ಶಾಲೆಯ ಟ್ರಿಪ್‌ನಲ್ಲೋ ಅಪ್ಪ ಅಮ್ಮನ ಜೊತೆಗೋ ಅಲ್ಲಿಗೆ ಹೋಗಿರಬಹುದು. ಸ್ಪಿಟ್‌ಫೈರ್ ನೋಡಿರ್ತೀರಿ, ಕಾಂಕಾರ್ಡ್ ಒಳಗೆ ನಡೆದು ಬಂದಿರ್ತೀರಿ. ಆದರೆ ಅಲ್ಲೇ ಇನ್ನೊಂದು ವಿಮಾನ ಇದೆ. ಅದರ ಮುಂದೆ ಯಾರೂ ಹೆಚ್ಚು ಹೊತ್ತು ನಿಲ್ಲೋದಿಲ್ಲ. ನಾಲ್ಕು ಪ್ರೊಪೆಲ್ಲರ್, ಸ್ವಲ್ಪ ದುಂಡಗಿನ ಮೂತಿ, ಮೊಟ್ಟೆ ಆಕಾರದ ದೊಡ್ಡ ದೊಡ್ಡ ಕಿಟಕಿಗಳು. ಹೆಸರು ವಿಕರ್ಸ್ ವೈಕೌಂಟ್. ಕಾರಿಗೆ ನಂಬರ್ ಇರುವ ಹಾಗೆ ಇದಕ್ಕೂ ಒಂದು ನೋಂದಣಿ ಇದೆ: ಜಿ-ಎಎಲ್‌ಡಬ್ಲ್ಯುಎಫ್. ಇದು ಮೊದಲ ಸಲ ಹಾರಿದ್ದು 1952ರ ಡಿಸೆಂಬರ್ 3ರಂದು. ಇವತ್ತು ಉಳಿದಿರುವ ವೈಕೌಂಟ್‌ಗಳಲ್ಲೆಲ್ಲ ಇದೇ ಹಿರಿಯದು.

ಕಾಂಕಾರ್ಡ್ ಚೆಂದದ ವಿಮಾನ, ನಾನು ಇಲ್ಲ ಅನ್ನೋದಿಲ್ಲ. ಆದರೆ ಅದರಲ್ಲಿ ಹೋದವರು ತುಂಬಾ ದುಡ್ಡಿದ್ದವರು. ಸಾಮಾನ್ಯ ಜನ ಕಿವಿ ಗುಂಯ್ ಅನ್ನದೆ, ಮೈ ನಡುಗದೆ, ಆರಾಮಾಗಿ ಕೂತು ಊಟ ಮಾಡಿಕೊಂಡು ವಿಮಾನದಲ್ಲಿ ಹೋಗಬಹುದು ಅಂತ ತೋರಿಸಿಕೊಟ್ಟದ್ದು ವೈಕೌಂಟ್. ಅದಕ್ಕೇ ಈ ಸಲದ ಲೇಖನ ಅದರ ಬಗ್ಗೆ.

ಹೆಸರಿನ ಹಿಂದೆ ಭಾರತ

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1942ರ ಕೊನೆಯಲ್ಲಿ, ಬ್ರಿಟಿಷ್ ಸರ್ಕಾರ ಒಂದು ಸಮಿತಿ ನೇಮಿಸಿತು. ಯುದ್ಧ ಮುಗಿದ ಮೇಲೆ ಪ್ರಯಾಣಿಕರ ವಿಮಾನಗಳು ಹೇಗಿರಬೇಕು ಅಂತ ಯೋಚನೆ ಮಾಡುವುದು ಅದರ ಕೆಲಸ. ಲಾರ್ಡ್ ಬ್ರಬಜಾನ್ ಅದರ ಅಧ್ಯಕ್ಷರು. ಯುರೋಪಿನೊಳಗಿನ ಹತ್ತಿರದ ಊರುಗಳಿಗೆ ಹಾರಲು ಆ ಸಮಿತಿ ಎರಡು ಬಗೆಯ ವಿಮಾನಗಳನ್ನು ಸೂಚಿಸಿತು. ಒಂದು ಆಗ ಎಲ್ಲರಿಗೂ ಗೊತ್ತಿದ್ದ ಪಿಸ್ಟನ್ ಎಂಜಿನ್ನಿನದು. ಇನ್ನೊಂದು ಆಗಿನ್ನೂ ಯಾರೂ ಪ್ರಯಾಣಿಕರನ್ನು ಕೂರಿಸಿ ಹಾರಿಸದಿದ್ದ ಟರ್ಬೊಪ್ರಾಪ್ ಎಂಜಿನ್ನಿನದು. ಎರಡನೆಯದನ್ನು ಕಟ್ಟಲು ಮುಂದೆ ಬಂದದ್ದು ಸರ್ರೆಯ ವೇಬ್ರಿಡ್ಜ್‌ನಲ್ಲಿದ್ದ ವಿಕರ್ಸ್ ಕಂಪನಿ. ಅಲ್ಲಿ ಆ ಕೆಲಸವನ್ನು ಕೊನೆ ಮುಟ್ಟಿಸಿದವರು ಮುಖ್ಯ ವಿನ್ಯಾಸಕಾರ ಜಾರ್ಜ್ ಎಡ್ವರ್ಡ್ಸ್.

ವಿಮಾನಕ್ಕೆ ಮೊದಲು ಇಟ್ಟ ಹೆಸರು ಏನು ಗೊತ್ತಾ? ‘ವೈಸ್‌ರಾಯ್’. ಬ್ರಿಟಿಷ್ ರಾಜನ ಪರವಾಗಿ ಭಾರತವನ್ನು ಆಳುತ್ತಿದ್ದವನ ಹುದ್ದೆಯ ಹೆಸರು ಅದು. ಆದರೆ ವಿಮಾನ ಹಾರುವ ಮೊದಲೇ, 1947ರಲ್ಲಿ, ಭಾರತ ಸ್ವತಂತ್ರವಾಯಿತು. ಹುದ್ದೆಯೇ ಹೋದ ಮೇಲೆ ಹೆಸರಿಟ್ಟುಕೊಂಡು ಏನು ಮಾಡೋದು? ಹೆಸರನ್ನು ‘ವೈಕೌಂಟ್’ ಅಂತ ಬದಲಾಯಿಸಿದರು. ಅದೂ ಒಂದು ಬಿರುದೇ. ಇಂಗ್ಲಿಷಿನಲ್ಲಿ ಬರೆದದ್ದನ್ನು ನೋಡಿ ನಮ್ಮ ಕಡೆ ಹಲವರು ‘ವಿಸ್ಕೌಂಟ್’ ಅನ್ನುತ್ತಾರೆ. ನಡುವಿನ ‘ಸ್’ ಬರವಣಿಗೆಯಲ್ಲಿ ಮಾತ್ರ, ಬಾಯಲ್ಲಿ ಇಲ್ಲ.

ಮೊದಲ ವೈಕೌಂಟ್ 1948ರ ಜುಲೈ 16ರಂದು ಹಾರಿತು. ಹಾರಿಸಿದವರು ‘ಮಟ್’ ಸಮ್ಮರ್ಸ್. 1936ರಲ್ಲಿ ಮೊಟ್ಟಮೊದಲ ಸ್ಪಿಟ್‌ಫೈರನ್ನು ಮೇಲಕ್ಕೆ ಕೊಂಡೊಯ್ದವರೂ ಇವರೇ.

ಇಷ್ಟಾದರೂ ಆಗಿನ ಬ್ರಿಟಿಷ್ ಯುರೋಪಿಯನ್ ಏರ್‌ವೇಸ್ ಅಂದರೆ ಬಿಇಎ ಕಂಪನಿಗೆ ಹೊಸ ಎಂಜಿನ್ ಮೇಲೆ ಪೂರ್ತಿ ನಂಬಿಕೆ ಬರಲಿಲ್ಲ. ಅವರು ಮೊದಲು 20 ಅಂಬಾಸಡರ್ ವಿಮಾನಗಳನ್ನು ಕೊಳ್ಳಲು ಒಪ್ಪಿಕೊಂಡರು. (ನಮ್ಮ ಅಂಬಾಸಡರ್ ಕಾರಲ್ಲ, ಏರ್‌ಸ್ಪೀಡ್ ಕಂಪನಿಯ ಪಿಸ್ಟನ್ ಎಂಜಿನ್ ವಿಮಾನ!) ಅದು ಸೊಗಸಾದ ವಿಮಾನವೇ. ಆದರೆ ಒಟ್ಟು ತಯಾರಾದದ್ದು 23 ಮಾತ್ರ. ವೈಕೌಂಟ್ 440ಕ್ಕೂ ಹೆಚ್ಚು ತಯಾರಾದವು. ಉಳಿದಿರುವ ಒಂದೇ ಒಂದು ಅಂಬಾಸಡರ್ ಕೂಡ ಡಕ್ಸ್‌ಫರ್ಡ್‌ನಲ್ಲೇ ಇದೆ. ಒಂದು ಕಾಲದ ಎದುರಾಳಿಗಳು ಈಗ ನೆರೆಮನೆಯವರು.

ಎಂಜಿನ್ ಒಳಗೆ ಏನು ನಡೆಯುತ್ತೆ?

ಈಗ ಸ್ವಲ್ಪ ವಿಜ್ಞಾನ. ಹೆದರಬೇಡಿ, ಅಡುಗೆಮನೆಯಷ್ಟೇ ಸುಲಭ.

ಪಿಸ್ಟನ್ ಎಂಜಿನ್ ಅಂದರೆ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇರುವಂಥದ್ದು. ಒಂದು ಕೊಳವೆಯೊಳಗೆ ಪೆಟ್ರೋಲ್ ಮತ್ತು ಗಾಳಿ ಸೇರಿ ಪಟ್ ಅಂತ ಸಿಡಿಯುತ್ತದೆ, ಪಿಸ್ಟನ್ ಕೆಳಗೆ ಹೋಗುತ್ತದೆ, ಮತ್ತೆ ಮೇಲೆ ಬರುತ್ತದೆ. ಒನಕೆಯಿಂದ ಭತ್ತ ಕುಟ್ಟಿದ ಹಾಗೆ. ಒಂದು ದೊಡ್ಡ ವಿಮಾನದ ಎಂಜಿನ್ನಿನಲ್ಲಿ ಇಂಥ ಹದಿನೆಂಟು ಒನಕೆಗಳು ನಿಮಿಷಕ್ಕೆ ಸಾವಿರಾರು ಸಲ ಕುಟ್ಟುತ್ತಿದ್ದವು. ಅಂಥ ಎಂಜಿನ್ ನಾಲ್ಕು ಇದ್ದರೆ? ಇಡೀ ವಿಮಾನ ಗಡಗಡ ನಡುಗುತ್ತಿತ್ತು. ಇಳಿದ ಮೇಲೂ ಪ್ರಯಾಣಿಕರ ಕಿವಿಯಲ್ಲಿ ಆ ಸದ್ದು ಉಳಿದಿರುತ್ತಿತ್ತು.

ಟರ್ಬೊಪ್ರಾಪ್‌ನಲ್ಲಿ ಕುಟ್ಟುವ ಕೆಲಸವೇ ಇಲ್ಲ. ಎಲ್ಲವೂ ತಿರುಗುವುದೇ. ವೈಕೌಂಟ್‌ಗೆ ಹಾಕಿದ್ದು ರೋಲ್ಸ್ ರಾಯ್ಸ್ ಕಂಪನಿಯ ‘ಡಾರ್ಟ್’ ಎಂಜಿನ್. ರೋಲ್ಸ್ ರಾಯ್ಸ್‌ನವರು ಈ ಬಗೆಯ ಎಂಜಿನ್‌ಗಳಿಗೆ ನದಿಗಳ ಹೆಸರು ಇಡುತ್ತಿದ್ದರು. ಡೆವನ್‌ನಲ್ಲಿ ಹರಿಯುವ ಡಾರ್ಟ್ ನದಿಯ ಹೆಸರು ಇದಕ್ಕೆ.

ಮುಂದುಗಡೆಯಿಂದ ಗಾಳಿ ಒಳಗೆ ಬರುತ್ತದೆ. ಅಲ್ಲಿ ಒಂದರ ಹಿಂದೆ ಒಂದು ಎರಡು ಚಕ್ರಗಳು ರಭಸವಾಗಿ ತಿರುಗುತ್ತಿರುತ್ತವೆ. ಮಿಕ್ಸಿ ಜಾರ್‌ನಲ್ಲಿ ಮಜ್ಜಿಗೆ ಹಾಕಿ ತಿರುಗಿಸಿದಾಗ ಅದು ಅಂಚಿನ ಕಡೆಗೆ ಎರಚಿಕೊಂಡು ಹೋಗುತ್ತಲ್ಲ, ಹಾಗೆ ಈ ಚಕ್ರಗಳು ಗಾಳಿಯನ್ನು ಹೊರಗಂಚಿಗೆ ಎರಚಿ ಒತ್ತುತ್ತವೆ. ಒತ್ತಿದ ಗಾಳಿ ಏಳು ಒಲೆಗಳಿಗೆ ಹೋಗುತ್ತದೆ. ಹೌದು, ಎಂಜಿನ್ ಸುತ್ತ ಏಳು ಉದ್ದನೆಯ ಡಬ್ಬಿಗಳು, ಅವೇ ಒಲೆಗಳು. ಅಲ್ಲಿ ಸೀಮೆಎಣ್ಣೆ ಚಿಮ್ಮಿಸಿ ಉರಿಸುತ್ತಾರೆ. ವಿಮಾನದ ಇಂಧನ ಅಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆಯೇ. ನಿಮ್ಮ ಅಜ್ಜಿಯನ್ನು ಕೇಳಿ, ಪಂಪು ಸ್ಟವ್ವಿಗೆ ಗಾಳಿ ಹೊಡೆದು ಹಚ್ಚಿದಾಗ ಬುಸ್ ಅಂತ ನೀಲಿ ಜ್ವಾಲೆ ಬರುತ್ತಿದ್ದದ್ದು ಅವರಿಗೆ ನೆನಪಿರುತ್ತದೆ. ಹೆಚ್ಚು ಕಡಿಮೆ ಅದೇ ಕೆಲಸ ಇಲ್ಲಿ.

ಕಾದು ಉಬ್ಬಿದ ಗಾಳಿ ಹಿಂದುಗಡೆಯಿಂದ ನುಗ್ಗುವಾಗ ಇನ್ನೊಂದು ಗುಂಪಿನ ಚಕ್ರಗಳನ್ನು ತಿರುಗಿಸುತ್ತದೆ. ಅವೇ ಟರ್ಬೈನ್. ಜಾತ್ರೆಯಲ್ಲಿ ಕೊಳ್ಳುವ ಕಾಗದದ ಗಿರಿಗಿಟ್ಟಲೆಗೆ ಗಾಳಿ ಊದಿದರೆ ಗರ್ರನೆ ತಿರುಗುತ್ತಲ್ಲ, ಹಾಗೆ. ಟರ್ಬೈನ್, ಮುಂದಿನ ಚಕ್ರಗಳು, ಪ್ರೊಪೆಲ್ಲರ್ ಎಲ್ಲವೂ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಹಾಗಾಗಿ ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ.

ಇಲ್ಲೊಂದು ತೊಂದರೆ ಇದೆ. ಟರ್ಬೈನ್ ನಿಮಿಷಕ್ಕೆ ಹದಿನಾಲ್ಕು ಹದಿನೈದು ಸಾವಿರ ಸುತ್ತು ತಿರುಗುತ್ತದೆ. ಪ್ರೊಪೆಲ್ಲರ್ ಕೂಡ ಅಷ್ಟೇ ವೇಗವಾಗಿ ತಿರುಗಿದರೆ ಅದರ ತುದಿಗಳು ಶಬ್ದದ ವೇಗವನ್ನೂ ದಾಟಿಬಿಡುತ್ತವೆ. ಆಗ ಗದ್ದಲ ಜಾಸ್ತಿ, ಕೆಲಸ ಕಡಿಮೆ. ಅದಕ್ಕೆ ನಡುವೆ ಗೇರುಗಳನ್ನು ಇಟ್ಟು ಪ್ರೊಪೆಲ್ಲರ್ ವೇಗವನ್ನು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಸುತ್ತಾರೆ. ನಿಮ್ಮ ಸೈಕಲ್‌ನಲ್ಲಿ ಏರು ಬಂದಾಗ ಗೇರ್ ಬದಲಾಯಿಸ್ತೀರಲ್ಲ, ಅದೇ ಲೆಕ್ಕ: ವೇಗ ಬಿಟ್ಟುಕೊಟ್ಟು ಬಲ ಪಡೆಯುವುದು.

ಕುಟ್ಟುವುದು ಹೋಗಿ ತಿರುಗುವುದು ಬಂತು. ನಡುಕ ಮಾಯವಾಯಿತು. ವೈಕೌಂಟ್‌ನಲ್ಲಿ ಕೂತವರು ಮುಂದಿನ ಮೇಜಿನ ಮೇಲೆ ಒಂದು ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ವಿಮಾನ ಹಾರುತ್ತಿದ್ದರೂ ನಾಣ್ಯ ಬೀಳುತ್ತಿರಲಿಲ್ಲ! ಆಗಿನ ಕಾಲಕ್ಕೆ ಅದು ಜಾದೂ ಥರ. ಮುಂದಿನ ಸಲ ಊರಿಗೆ ಹೋಗುವಾಗ ನೀವೂ ಪ್ರಯತ್ನ ಮಾಡಿ. (ಊಟದ ಟ್ರೇ ಬರುವ ಮೊದಲು.)

ಒಳಗಿದ್ದವರಿಗೆ ಇಷ್ಟು ಸುಖ, ಆದರೆ ಹೊರಗಿದ್ದವರಿಗೆ ಅಲ್ಲ. ನೆಲದ ಮೇಲೆ ನಿಂತು ಕೆಲಸ ಮಾಡುವವರಿಗೆ ಡಾರ್ಟ್ ಎಂಜಿನ್ನಿನ ಕೀರಲು ಸದ್ದು ಕಿವಿಗೆ ಸೂಜಿ ಚುಚ್ಚಿದ ಹಾಗಿರುತ್ತಿತ್ತು.

ದುಡಿದ ವರ್ಷಗಳು

1950ರ ಜುಲೈ 29ರಂದು ಲಂಡನ್ನಿನ ನಾರ್ತೋಲ್ಟ್‌ನಿಂದ ಪ್ಯಾರಿಸ್‌ಗೆ ಮೊದಲ ವೈಕೌಂಟ್ ಪ್ರಯಾಣಿಕರನ್ನು ಕರೆದುಕೊಂಡು ಹೊರಟಿತು. ಟಿಕೆಟ್ ಕೊಂಡವರು 14 ಜನ, ಜೊತೆಗೆ ಆಹ್ವಾನಿತ ಅತಿಥಿಗಳು. ಟರ್ಬೈನ್ ಎಂಜಿನ್ನಿನ ವಿಮಾನದಲ್ಲಿ ದುಡ್ಡು ಕೊಟ್ಟು ಪ್ರಯಾಣ ಮಾಡಿದವರಲ್ಲಿ ಪ್ರಪಂಚದಲ್ಲೇ ಅವರು ಮೊದಲಿಗರು. ಅದು ಕೆಲವೇ ವಾರಗಳ ಪ್ರಯೋಗ. ಪ್ರಯಾಣಿಕರು ಎಷ್ಟು ಮೆಚ್ಚಿದರೆಂದರೆ ಬಿಇಎ ಮನಸ್ಸು ಬದಲಾಯಿತು. ಸ್ವಲ್ಪ ಉದ್ದ ಹೆಚ್ಚಿಸಿದ ಹೊಸ ಮಾದರಿಯನ್ನು ಕೊಂಡುಕೊಂಡರು. 1953ರ ಏಪ್ರಿಲ್ 18ರಿಂದ ಲಂಡನ್, ರೋಮ್, ಅಥೆನ್ಸ್, ಸೈಪ್ರಸ್ ದಾರಿಯಲ್ಲಿ ದಿನನಿತ್ಯದ ಕೆಲಸ ಶುರುವಾಯಿತು.

ನಮ್ಮ ಡಕ್ಸ್‌ಫರ್ಡ್ ವಿಮಾನ ಆ ಮೊದಲ ತಂಡದ್ದು. ಬಿಇಎ ತನ್ನ ವೈಕೌಂಟ್‌ಗಳಿಗೆ ಸಾಹಸಿ ಅನ್ವೇಷಕರ ಹೆಸರು ಇಡುತ್ತಿತ್ತು. ಇದಕ್ಕೆ ಸಿಕ್ಕಿದ ಹೆಸರು ‘ಸರ್ ಜಾನ್ ಫ್ರಾಂಕ್ಲಿನ್’. ಈ ಫ್ರಾಂಕ್ಲಿನ್ 1845ರಲ್ಲಿ ಎರಡು ಹಡಗುಗಳೊಂದಿಗೆ ಉತ್ತರ ಧ್ರುವದ ಕಡೆ ಹೋಗಿ, ಮಂಜುಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡು ತಿರುಗಿ ಬರಲೇ ಇಲ್ಲ. ಪ್ರಯಾಣಿಕರ ವಿಮಾನಕ್ಕೆ ಇದೆಂಥ ಹೆಸರು ಅಂತ ನನಗೆ ಯಾವಾಗಲೂ ಅನಿಸುತ್ತದೆ! ಅದೃಷ್ಟಕ್ಕೆ ವಿಮಾನ ಪ್ರತಿ ಸಲವೂ ಮನೆಗೆ ಬಂತು.

ಒಳಗೆ ನಲವತ್ತು ಚಿಲ್ಲರೆ ಸೀಟುಗಳು. ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗ. ಇಪ್ಪತ್ತು ಸಾವಿರ ಅಡಿಗೂ ಮೇಲೆ ಹಾರುವಾಗ ಹೊರಗೆ ಉಸಿರಾಡುವಷ್ಟು ಗಾಳಿ ಇರುವುದಿಲ್ಲ. ಆದ್ದರಿಂದ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ. ಅಂದರೆ ವಿಮಾನದ ಮೈ ಒಂದು ಬಲೂನಿನ ಹಾಗೆ ಪ್ರತಿ ಪ್ರಯಾಣದಲ್ಲೂ ತುಸು ಉಬ್ಬುತ್ತದೆ, ಇಳಿದಾಗ ಮತ್ತೆ ಕುಗ್ಗುತ್ತದೆ. ಕಿಟಕಿಗಳು ಮೊಟ್ಟೆಯಾಕಾರ ಇರುವುದು ಚೆಂದಕ್ಕಷ್ಟೇ ಅಲ್ಲ. ಉಬ್ಬುವ ಬಲ ಚೂಪಾದ ಮೂಲೆಗಳಲ್ಲಿ ಬಂದು ಸೇರಿಕೊಳ್ಳುತ್ತದೆ. ದುಂಡಗಿದ್ದರೆ ಸುತ್ತಲೂ ಹಂಚಿಹೋಗುತ್ತದೆ. 1954ರಲ್ಲಿ ಕಾಮೆಟ್ ಎಂಬ ಜೆಟ್ ವಿಮಾನಗಳು ಅಪಘಾತಕ್ಕೀಡಾದಾಗ, ಮೈಯಲ್ಲಿ ಕೊರೆದ ಕಿಟಕಿಯಂಥ ಕಿಂಡಿಗಳ ಮೂಲೆಗಳಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು.

ಲೋಹಕ್ಕೂ ದಣಿವಾಗುತ್ತಾ? ಆಗುತ್ತೆ. ಒಂದು ಪೇಪರ್ ಕ್ಲಿಪ್ ತಗೊಂಡು ಹಿಂದಕ್ಕೆ ಮುಂದಕ್ಕೆ ಬಗ್ಗಿಸುತ್ತಾ ಹೋಗಿ. ಒಂದೆರಡು ಸಲಕ್ಕೆ ಏನೂ ಆಗಲ್ಲ. ಹತ್ತು ಹದಿನೈದು ಸಲಕ್ಕೆ ಟಕ್ ಅಂತ ಮುರಿಯುತ್ತೆ. ಪ್ರತಿ ಸಲವೂ ನೀವು ಹಾಕಿದ್ದು ಅಷ್ಟೇ ಬಲ, ಆದರೂ ಮುರಿಯಿತು. ವಿಮಾನದ ಮೈ ಮತ್ತು ರೆಕ್ಕೆಗಳ ಕಥೆಯೂ ಇದೇ. ಅದಕ್ಕಾಗಿಯೇ ವಿಮಾನದ ವಯಸ್ಸನ್ನು ವರ್ಷದಲ್ಲಿ ಮಾತ್ರ ಎಣಿಸೋದಿಲ್ಲ. ಎಷ್ಟು ಗಂಟೆ ಹಾರಿತು, ಎಷ್ಟು ಸಲ ಇಳಿಯಿತು ಅಂತ ಪುಸ್ತಕದಲ್ಲಿ ಬರೆದಿಡುತ್ತಾರೆ. ದಿನಕ್ಕೆ ನಾಲ್ಕು ಸಲ ಇಳಿದರೂ ವರ್ಷಕ್ಕೆ ಸಾವಿರ ದಾಟುತ್ತದೆ ಅಲ್ವಾ?

ಜಿ-ಎಎಲ್‌ಡಬ್ಲ್ಯುಎಫ್ ಸುಮಾರು ಹತ್ತು ವರ್ಷ ಬಿಇಎಗೆ ದುಡಿಯಿತು. ಅಷ್ಟು ಹೊತ್ತಿಗೆ ಜೆಟ್ ವಿಮಾನಗಳ ಕಾಲ ಬಂತು. ದೊಡ್ಡ ಕಂಪನಿ ಹಳೆಯದನ್ನು ಮಾರಿತು, ಚಿಕ್ಕ ಕಂಪನಿಗಳು ಕೊಂಡವು. ಕೈಯಿಂದ ಕೈಗೆ ದಾಟಿ ಕೊನೆಗೆ ಅದು ವೇಲ್ಸ್‌ನ ಕೇಂಬ್ರಿಯನ್ ಏರ್‌ವೇಸ್ ಸೇರಿತು. ಅಲ್ಲಿ 1971ರ ಕೊನೆಯವರೆಗೆ ಹಾರಿತು.

ಭಾರತದಲ್ಲಿ ವೈಕೌಂಟ್, ಬೆಂಗಳೂರಿನಲ್ಲಿ ಡಾರ್ಟ್

ಈ ಮಧ್ಯೆ ವೈಕೌಂಟ್ ಪ್ರಪಂಚವೆಲ್ಲ ಸುತ್ತುತ್ತಿತ್ತು. ಕೆನಡಾದಲ್ಲಿ 1955ರಲ್ಲಿ ಬಂದು ಉತ್ತರ ಅಮೆರಿಕದ ಮೊದಲ ಟರ್ಬೈನ್ ಪ್ರಯಾಣಿಕ ವಿಮಾನ ಆಯಿತು. ಅಮೆರಿಕದ ಕ್ಯಾಪಿಟಲ್ ಏರ್‌ಲೈನ್ಸ್ ಒಂದೇ 60 ವಿಮಾನ ಕೊಂಡಿತು. ಭಾರತೀಯ ವಾಯುಪಡೆ ಗಣ್ಯರ ಪ್ರಯಾಣಕ್ಕೆಂದು ಎರಡು ವೈಕೌಂಟ್ ತರಿಸಿಕೊಂಡಿತು. 1957ರಲ್ಲಿ ಇಂಡಿಯನ್ ಏರ್‌ಲೈನ್ಸ್ ಕೂಡ ವೈಕೌಂಟ್ ಹಾರಿಸಲು ಶುರು ಮಾಡಿತು. ವೈಸ್‌ರಾಯ್ ಅನ್ನುವ ಹೆಸರು ಕಳಚಿಕೊಂಡ ವಿಮಾನ ಸ್ವತಂತ್ರ ಭಾರತದ ದೊಡ್ಡ ಊರುಗಳ ನಡುವೆ ಹಾರಿತು!

ಆದರೆ ನಮಗೆ ಇನ್ನೂ ಹತ್ತಿರದ ನೆಂಟಸ್ತಿಕೆ ವಿಮಾನದಲ್ಲಿ ಅಲ್ಲ, ಎಂಜಿನ್ನಿನಲ್ಲಿದೆ. ಡಾರ್ಟ್ ಎಂಜಿನ್ ವೈಕೌಂಟ್‌ಗೆ ಮಾತ್ರ ಸೀಮಿತವಾಗಲಿಲ್ಲ. ‘ಆವ್ರೋ 748’ ಅಂತ ಎರಡು ಎಂಜಿನ್ನಿನ ಇನ್ನೊಂದು ಬ್ರಿಟಿಷ್ ವಿಮಾನಕ್ಕೂ ಅದನ್ನೇ ಹಾಕಿದರು. ಆ ಆವ್ರೋವನ್ನು ಭಾರತದಲ್ಲೇ ತಯಾರಿಸಲು ಒಪ್ಪಂದ ಆಯಿತು. ಕಾನ್ಪುರದಲ್ಲಿ ಜೋಡಿಸಿದ ಮೊದಲ ಆವ್ರೋ 1961ರ ನವೆಂಬರ್ 1ರಂದು ಹಾರಿತು (ದಿನ ನೋಡಿ, ನವೆಂಬರ್ 1! ರಾಜ್ಯೋತ್ಸವದ ದಿನ). ಭಾರತದಲ್ಲಿ ಒಟ್ಟು 89 ಆವ್ರೋಗಳು ತಯಾರಾದವು. ಅವುಗಳಿಗೆ ಬೇಕಾದ ಡಾರ್ಟ್ ಎಂಜಿನ್‌ಗಳು ತಯಾರಾದದ್ದು ಎಲ್ಲಿ? ಬೆಂಗಳೂರಿನ ಎಚ್‌ಎಎಲ್ ಎಂಜಿನ್ ಕಾರ್ಖಾನೆಯಲ್ಲಿ.

ಪೋಷಕರೇ, ನಿಮ್ಮ ಮನೆಯಲ್ಲೋ ನೆಂಟರಿಷ್ಟರಲ್ಲೋ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದವರು ಒಬ್ಬರಾದರೂ ಇರಬಹುದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ‘ಫ್ಯಾಕ್ಟರಿ’ ಅಂದರೆ ಎಚ್‌ಎಎಲ್, ‘ಫ್ಯಾಕ್ಟರಿ ಬಸ್ಸು’ ಅಂದರೆ ಬೆಳಗ್ಗೆ ಅಪ್ಪನನ್ನು ಕರೆದೊಯ್ಯುವ ಬಸ್ಸು. ಡಕ್ಸ್‌ಫರ್ಡ್‌ನ ವೈಕೌಂಟ್ ರೆಕ್ಕೆಯ ಕೆಳಗೆ ನಿಂತು ಎಂಜಿನ್ ಕಡೆ ನೋಡಿದಾಗ, ಅದರ ಒಡಹುಟ್ಟಿದವುಗಳನ್ನು ಕಟ್ಟಿದ ಕೈಗಳು ನಮ್ಮ ಊರಿನವು ಅಂತ ಮಕ್ಕಳಿಗೆ ಹೇಳಿ.

ಇನ್ನೊಂದು ಮಾತು. ಟರ್ಬೊಪ್ರಾಪ್ ಅಂದರೆ ಮುಗಿದುಹೋದ ಕಾಲದ್ದು ಅಂದುಕೊಳ್ಳಬೇಡಿ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಎಟಿಆರ್ ವಿಮಾನದಲ್ಲಿ ಹೋಗಿದ್ದೀರಾ? ಅದೂ ಟರ್ಬೊಪ್ರಾಪೇ. ಹತ್ತಿರದ ಊರುಗಳಿಗೆ, ಚಿಕ್ಕ ರನ್‌ವೇಗಳಿಗೆ ಕಡಿಮೆ ಇಂಧನದಲ್ಲಿ ಹೋಗಬೇಕಾದರೆ ಇವತ್ತಿಗೂ ಅದೇ ಸರಿ.

ಹಾರಾಟ ನಿಂತ ಮೇಲೆ

ಒಂದು ವಿಮಾನ ಯಾಕೆ ನಿವೃತ್ತಿ ಆಗುತ್ತೆ? ಸಾಮಾನ್ಯವಾಗಿ ಅದು ಕೆಟ್ಟುಹೋಯಿತು ಅಂತ ಅಲ್ಲ. ಲೆಕ್ಕ ಕೂಡಿಬರದ ಕಾರಣಕ್ಕೆ. ಹಳೆ ಮನೆಗಳಲ್ಲಿ ಮಾಡನ್ನು ಹೊತ್ತ ಮರದ ತೊಲೆ ಇರುತ್ತಲ್ಲ, ಹಾಗೆ ವಿಮಾನದ ರೆಕ್ಕೆಯೊಳಗೆ ಒಂದು ಲೋಹದ ತೊಲೆ ಇರುತ್ತದೆ. ಅದನ್ನು ಸ್ಪಾರ್ ಅನ್ನುತ್ತಾರೆ. ಇಡೀ ವಿಮಾನದ ಭಾರ ಅದರ ಮೇಲೆ. ವೈಕೌಂಟ್‌ನಲ್ಲಿ ಈ ತೊಲೆಯ ಭಾಗಗಳಿಗೆ ಇಷ್ಟು ಸಾವಿರ ಹಾರಾಟ ಅಂತ ಆಯುಸ್ಸು ನಿಗದಿ ಮಾಡಿದ್ದರು. ಅಷ್ಟಾದ ಮೇಲೆ ನೋಡೋಕೆ ಚೆನ್ನಾಗಿದ್ದರೂ ಬದಲಾಯಿಸಲೇಬೇಕು. ಪೇಪರ್ ಕ್ಲಿಪ್ ನೆನಪಿದೆಯಲ್ಲ? ಮುರಿಯುವ ಕ್ಷಣದವರೆಗೂ ಅದೂ ಚೆನ್ನಾಗೇ ಕಾಣುತ್ತಿತ್ತು. ತೊಲೆ ಬದಲಾಯಿಸಲು ರೆಕ್ಕೆಯನ್ನೇ ಬಿಚ್ಚಬೇಕು. ಆ ಖರ್ಚು ವಿಮಾನದ ಬೆಲೆಗಿಂತ ಹೆಚ್ಚಾದ ದಿನ ಕಂಪನಿಯವರು ಗುಜರಿಯವರಿಗೆ ಫೋನ್ ಮಾಡುತ್ತಾರೆ. ವೈಕೌಂಟ್‌ಗಳಲ್ಲಿ ಹೆಚ್ಚಿನವು ಹೋದದ್ದು ಹಾಗೆಯೇ. ಕತ್ತರಿಸಿ, ಕರಗಿಸಿ, ಅಲ್ಯೂಮಿನಿಯಂ ಮಾಡಿದರು.

ಜಿ-ಎಎಲ್‌ಡಬ್ಲ್ಯುಎಫ್‌ಗೂ ಅದೇ ಗತಿ ಆಗಬೇಕಿತ್ತು. ಅದನ್ನು ಉಳಿಸಲೆಂದೇ ಕೆಲವರು ಸೇರಿ ವೈಕೌಂಟ್ ಪ್ರಿಸರ್ವೇಶನ್ ಟ್ರಸ್ಟ್ ಅಂತ ಮಾಡಿಕೊಂಡರು. ವಿಮಾನವನ್ನು ಬಿಚ್ಚಿ, ಲಾರಿಗಳ ಮೇಲೆ ಹೇರಿ, 1970ರ ದಶಕದಲ್ಲಿ ಡಕ್ಸ್‌ಫರ್ಡ್‌ಗೆ ತಂದು ಮತ್ತೆ ಜೋಡಿಸಿದರು. ಅಲ್ಲಿಂದೀಚೆಗೆ ಅದನ್ನು ನೋಡಿಕೊಳ್ಳುತ್ತಿರುವುದು ಡಕ್ಸ್‌ಫರ್ಡ್ ಏವಿಯೇಷನ್ ಸೊಸೈಟಿ. 1975ರಲ್ಲಿ ಹುಟ್ಟಿದ ಈ ಸಂಸ್ಥೆ ನಡೆಯುವುದು ಸ್ವಯಂಸೇವಕರಿಂದ. ಸಂಬಳ ಇಲ್ಲ. ಶನಿವಾರ ಭಾನುವಾರ ಡಬ್ಬಿ ಕಟ್ಟಿಕೊಂಡು ಬರುತ್ತಾರೆ, ಕೆಲಸ ಮಾಡುತ್ತಾರೆ, ಮನೆಗೆ ಹೋಗುತ್ತಾರೆ. (ನಮ್ಮ ಕನ್ನಡ ಶಾಲೆಯ ಟೀಚರ್‌ಗಳು ನೆನಪಾದರಾ?)

ಹಾರದೆ ನಿಂತ ವಿಮಾನಕ್ಕೆ ಏನು ಕೆಲಸ ಇರುತ್ತೆ ಅಂತೀರಾ? ವಿಮಾನ ಹಾರುತ್ತಿದ್ದಾಗ ಅದನ್ನು ನೋಡಿಕೊಳ್ಳುವುದು ಕಾನೂನು. ಇಷ್ಟು ಗಂಟೆಗೊಮ್ಮೆ ಪರೀಕ್ಷೆ, ಇಷ್ಟು ದಿನಕ್ಕೊಮ್ಮೆ ಎಣ್ಣೆ, ಇಂಥವರ ಸಹಿ. ಮಾಡದಿದ್ದರೆ ಹಾರಲು ಬಿಡುವುದಿಲ್ಲ. ನಿಂತ ದಿನದಿಂದ ಅದನ್ನು ನೋಡಿಕೊಳ್ಳಲೇಬೇಕು ಅಂತ ಹೇಳುವವರು ಯಾರೂ ಇಲ್ಲ. ಆದರೆ ಮಳೆ, ಬಿಸಿಲು, ಹಿಮಕ್ಕೆ ಇದು ಗೊತ್ತಿಲ್ಲ.

ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದಕ್ಕೂ ರೋಗ ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಹಾಕಿ ರಾತ್ರಿ ಇಟ್ಟರೆ ಬೆಳಗ್ಗೆ ಪಾತ್ರೆ ತಿಂದುಹೋದ ಹಾಗೆ ಕಾಣುವುದನ್ನು ಅಮ್ಮಂದಿರು ನೋಡಿರುತ್ತಾರೆ. ವಿಮಾನಕ್ಕೆ ಬಳಸುವುದು ಬರೀ ಅಲ್ಯೂಮಿನಿಯಂ ಅಲ್ಲ, ಗಟ್ಟಿಯಾಗಲಿ ಅಂತ ತಾಮ್ರ ಸೇರಿಸಿದ ಮಿಶ್ರಲೋಹ. ತಾಮ್ರ ಸೇರಿದರೆ ಬಲ ಬರುತ್ತದೆ, ಆದರೆ ತೇವ ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಅದಕ್ಕೇ ತಗಡಿನ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳುಪದರ ಕೊಡುತ್ತಾರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರಲ್ಲ, ಹೆಚ್ಚು ಕಡಿಮೆ ಹಾಗೆ. ಕಲಾಯಿ ಸವೆದ ಕಡೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಬಿಟ್ಟರೆ ತಗಡು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಹಪ್ಪಳದ ಹಾಗೆ.

ಇನ್ನೊಂದು ಶತ್ರು ಉಕ್ಕಿನ ಬೋಲ್ಟುಗಳು. ಶಾಲೆಯಲ್ಲಿ ನಿಂಬೆಹಣ್ಣಿಗೆ ಎರಡು ಬೇರೆ ಬೇರೆ ಲೋಹದ ತುಂಡು ಚುಚ್ಚಿ ಬ್ಯಾಟರಿ ಮಾಡಿದ್ದೀರಾ? ಉಕ್ಕು, ಅಲ್ಯೂಮಿನಿಯಂ, ನಡುವೆ ಮಳೆನೀರು ಸೇರಿದರೆ ಅಲ್ಲೂ ಪುಟ್ಟ ಬ್ಯಾಟರಿ ಆಗುತ್ತದೆ. ಕರಗಿಹೋಗುವುದು ಅಲ್ಯೂಮಿನಿಯಂ. ಅದಕ್ಕೆ ಸ್ವಯಂಸೇವಕರು ಮಾಡುವ ದೊಡ್ಡ ಕೆಲಸ ಏನು ಅಂದರೆ, ನೀರು ಒಳಗೆ ಬಾರದ ಹಾಗೆ ನೋಡಿಕೊಳ್ಳುವುದು, ಬಂದ ನೀರು ನಿಲ್ಲದ ಹಾಗೆ ನೋಡಿಕೊಳ್ಳುವುದು. ಹೊಟ್ಟೆಯ ಕೆಳಗಿರುವ ನೀರಿಳಿಯುವ ಸಣ್ಣ ತೂತುಗಳಲ್ಲಿ ಕಸ ಕಟ್ಟಿಕೊಂಡಿದೆಯಾ, ಕಿಟಕಿಯ ಸುತ್ತ ರಬ್ಬರ್ ಒಡೆದಿದೆಯಾ, ಎಂಜಿನ್ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದೆಯಾ, ಬಿಸಿಲು ಕಾಣದ ಬದಿಯಲ್ಲಿ ಹಸಿರು ಪಾಚಿ ಬಂದಿದೆಯಾ? ತೊಳಿ, ಒರೆಸು, ಕೆರೆ, ಬಣ್ಣ ಹಚ್ಚು. ಅಷ್ಟು ದೊಡ್ಡ ವಿಮಾನದ ಒಂದು ತುದಿಯಿಂದ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಮೊದಲ ತುದಿಯಲ್ಲಿ ಮತ್ತೆ ಕೆಲಸ ಶುರುವಾಗಿರುತ್ತದೆ.

ಹಳೆಯ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ. ಗುಜರಿಗೆ ಹೋಗುವ ಬೇರೆ ವೈಕೌಂಟ್‌ನಿಂದ ಬಿಚ್ಚಿಟ್ಟುಕೊಳ್ಳಬೇಕು, ಇಲ್ಲವೇ ಕೈಯಲ್ಲೇ ಮಾಡಬೇಕು. ಹಳೆಯ ವಿಮಾನಗಳ ಮೀಟರುಗಳು ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಅದು ಆರೋಗ್ಯಕ್ಕೆ ಒಳ್ಳೆಯದಲ್ಲ. ಹಾಗಾಗಿ ಅಂಥವನ್ನು ಮ್ಯೂಸಿಯಂನವರು ಎಚ್ಚರಿಕೆಯಿಂದ ಮುಟ್ಟಬೇಕು, ಬೇಕಾದರೆ ತೆಗೆದಿಡಬೇಕು.

ಮತ್ತೊಂದು ಪ್ರಶ್ನೆಗೆ ಸುಲಭದ ಉತ್ತರ ಇಲ್ಲ: ಯಾವ ಬಣ್ಣ ಹಚ್ಚಬೇಕು? ಈ ವಿಮಾನ ಕೊನೆಗೆ ಹಾರಿದ್ದು ಕೇಂಬ್ರಿಯನ್ ಬಣ್ಣದಲ್ಲಿ. ಈಗ ತೊಟ್ಟಿರುವುದು ಮೊದಲಿನ ಬಿಇಎ ಬಣ್ಣ. ಮದುವೆ ಫೋಟೋ ಮಾತ್ರ ಗೋಡೆಗೆ ಹಾಕಿ ಅಜ್ಜನ ಉಳಿದ ಜೀವನವನ್ನು ಪೆಟ್ಟಿಗೆಯಲ್ಲಿ ಇಟ್ಟ ಹಾಗೆ ಅಂತ ಕೆಲವರು ಹೇಳಬಹುದು. ನನಗೆ ಇದೇ ಸರಿ ಅನಿಸುತ್ತದೆ. ಇದು ಮೊದಲ ತಂಡದ ವಿಮಾನ. ಮಕ್ಕಳು ನೋಡಬೇಕಾದದ್ದು ಅದು ಹೊಸದಾಗಿದ್ದಾಗ ಹೇಗಿತ್ತು ಅನ್ನುವುದನ್ನೇ.

‘ಇದನ್ನು ಮತ್ತೆ ಹಾರಿಸಬಹುದಲ್ಲ?’ ಅಂತ ನೀವು ಕೇಳೇ ಕೇಳ್ತೀರಿ. ಆಗಲ್ಲ. ತೊಲೆಗಳ ಲೆಕ್ಕ, ಸಿಗದ ಭಾಗಗಳು, ಬೆಂಬಲಕ್ಕೆ ನಿಲ್ಲುವ ತಯಾರಕರು ಇಲ್ಲದಿರುವುದು, ನಾಲ್ಕು ಎಂಜಿನ್ ಖರ್ಚು, ಎಲ್ಲ ಸೇರಿ ಅದು ಮುಗಿದ ಮಾತು. ಬ್ರಿಟನ್ನಿನಲ್ಲಿ ವೈಕೌಂಟ್ ಕೊನೆಯ ಸಲ ಪ್ರಯಾಣಿಕರನ್ನು ಹೊತ್ತದ್ದು 1996ರ ಏಪ್ರಿಲ್ 18ರಂದು. ಮೇಲೆ ಇನ್ನೊಂದು ಏಪ್ರಿಲ್ 18 ಬಂದಿತ್ತು, ಹುಡುಕಿ ನೋಡಿ. ಎರಡರ ನಡುವೆ ಸರಿಯಾಗಿ 43 ವರ್ಷ.

ನೋಡಲು ಹೋಗುವವರಿಗೆ

ವೈಕೌಂಟ್ ನೋಡಲು ಡಕ್ಸ್‌ಫರ್ಡ್ ಒಂದೇ ಅಲ್ಲ. ಅದು ಹುಟ್ಟಿದ ವೇಬ್ರಿಡ್ಜ್‌ನ ಬ್ರೂಕ್‌ಲ್ಯಾಂಡ್ಸ್ ಮ್ಯೂಸಿಯಂನಲ್ಲಿ ಆಮೇಲಿನ, ಇನ್ನೂ ಉದ್ದನೆಯ ಮಾದರಿ ಒಂದಿದೆ. ಎಡಿನ್‌ಬರೋ ಕಡೆಯವರು ಈಸ್ಟ್ ಫಾರ್ಚೂನ್‌ನ ವಿಮಾನ ಮ್ಯೂಸಿಯಂಗೆ ಹೋಗಬಹುದು. ಕವೆಂಟ್ರಿಯ ಮಿಡ್‌ಲ್ಯಾಂಡ್ ಏರ್ ಮ್ಯೂಸಿಯಂನಲ್ಲೂ ಇದೆ. ಡಕ್ಸ್‌ಫರ್ಡ್‌ನಲ್ಲಿ ಕೆಲವು ದಿನ ಮಾತ್ರ ವಿಮಾನಗಳ ಒಳಗೆ ಬಿಡುತ್ತಾರೆ, ಮೊದಲೇ ವಿಚಾರಿಸಿಕೊಂಡು ಹೋಗಿ. ಮೆಟ್ಟಿಲ ಹತ್ತಿರ ನಿಂತಿರುವ ಸ್ವಯಂಸೇವಕರಿಗೆ ‘ಈ ವಾರ ಏನು ರಿಪೇರಿ ಮಾಡಿದಿರಿ?’ ಅಂತ ಕೇಳಿ. ಕಾಂಕಾರ್ಡ್ ಎಲ್ಲಿದೆ ಅಂತ ಕೇಳುವವರೇ ಜಾಸ್ತಿ. ಈ ಪ್ರಶ್ನೆ ಕೇಳಿದ ಮಗುವಿಗೆ ಅವರು ಅರ್ಧ ಗಂಟೆ ಕೊಡುತ್ತಾರೆ.

ಈ ವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಜ್ಜಿ ತಾತನಿಗೆ ಎರಡು ಪ್ರಶ್ನೆ ಹಾಕಿ: ‘ನೀವು ಮೊದಲ ಸಲ ವಿಮಾನ ಹತ್ತಿದ್ದು ಯಾವಾಗ? ಅದಕ್ಕೆ ಪ್ರೊಪೆಲ್ಲರ್ ಇತ್ತಾ?’ ಯಾರಾದರೂ ‘ವಿಸ್ಕೌಂಟ್’ ಅಥವಾ ‘ಆವ್ರೋ’ ಅಂದರೆ, ಅಥವಾ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಕೆಲಸ ಮಾಡಿದ್ದೆ ಅಂದರೆ, ಅವರು ಹೇಳಿದ್ದನ್ನು ಕನ್ನಡದಲ್ಲೇ ಬರೆದು ಮುಂದಿನ ವರ್ಷದ ಸಂಚಿಕೆಗೆ ಕೊಡಿ. ಹಳೆ ಫೋಟೋ ಇದ್ದರೆ ಅದನ್ನೂ ಜೊತೆಗೆ ಕಳಿಸಿ.